ಊದುವ ಮೊದಲಿನ ಅರೆಕ್ಷಣ: ಟ್ರಂಪೆಟ್ ಅಭ್ಯಾಸದಲ್ಲಿ ನನ್ನ ಅನುಭವ

ಟ್ರಂಪೆಟ್‌ನಲ್ಲಿ ಹೈ ಸಿ ಎಂಬ ಏರುಸ್ವರವನ್ನು ನಾನು ಈಗ ಅಳುಕಿಲ್ಲದೆ ಊದುತ್ತೇನೆ; ಹೆಚ್ಚುಕಡಿಮೆ ಒಂದೂವರೆ ಗಂಟೆಯ ಕಾರ್ಯಕ್ರಮ ಮುಗಿದ ಮೇಲೂ ತುಟಿಯಲ್ಲಿ ಇನ್ನಷ್ಟು ಕಸುವು ಉಳಿದಿರುತ್ತದೆ. ತುಟಿಯ ಬಲ ಹೆಚ್ಚಿಸಿಕೊಂಡು ಇದನ್ನು ಸಾಧಿಸಿದ್ದಲ್ಲ. ವಾದ್ಯವನ್ನು ಎತ್ತುವುದಕ್ಕೂ ಮೊದಲ ಸ್ವರ ಹೊರಡುವುದಕ್ಕೂ ನಡುವಿನ ಅರೆಕ್ಷಣದಲ್ಲಿ ನನ್ನ ಮೈ ನನಗೆ ತಿಳಿಯದಂತೆ ಏನೇನು ಮಾಡುತ್ತಿತ್ತೆಂಬುದನ್ನು ಕಂಡುಕೊಂಡು, ಆ ಚಾಳಿಗಳನ್ನು ಒಂದೊಂದಾಗಿ ಬಿಡಿಸಿದ್ದರಿಂದ ಸಾಧ್ಯವಾದದ್ದು ಇದು. ಈ ದಾರಿ ಹಿಡಿದಾಗ ಜೊತೆಯ ವಾದಕರಲ್ಲಿ ಹೆಚ್ಚಿನವರು ನಕ್ಕರು. "ಊದದೆ ನಿಂತರೆ ಊದುವುದು ಬಂದೀತೆ?" ಎಂದು ಹಿರಿಯರೊಬ್ಬರು ಎದುರಿಗೇ ಕೇಳಿದ್ದರು. ಅವರೇ ಈಚೆಗೆ ತಮ್ಮ ಶಿಷ್ಯನೊಬ್ಬನನ್ನು ನನ್ನ ಬಳಿಗೆ ಕಳುಹಿಸಿದ್ದಾರೆಂಬುದನ್ನು ಹೇಳಿಕೊಳ್ಳದೆ ಇರಲಾರೆ.

ಅದಕ್ಕೂ ಮೊದಲು ಕೈಬಿಟ್ಟ ಹಣದ ಲೆಕ್ಕ ಹೇಳಬೇಕು. ತುಟಿಗೆ ಹಚ್ಚಿ ಊದುವ ಬಟ್ಟಲಿನಂಥ ಮೌತ್‌ಪೀಸ್‌ಗಳೇ ಹತ್ತು ಹನ್ನೆರಡು ಆಗಿದ್ದಿರಬೇಕು: ಒಳವ್ಯಾಸ 16.2 ಮಿ.ಮೀ. ಆಸುಪಾಸಿನದರಿಂದ 17 ಮಿ.ಮೀ. ವರೆಗೆ, ಬಟ್ಟಲು ಆಳವಾದದ್ದು, ಆಳ ಕಡಿಮೆಯದು, ಅಂಚು ಅಗಲವಾದದ್ದು, ಚೂಪಾದದ್ದು. ಅವುಗಳ ಜೊತೆಗೆ ಲೀಡ್‌ಪೈಪ್ (ಮೌತ್‌ಪೀಸ್ ಸೇರುವ ಮೊದಲ ಕೊಳವೆ) ಬದಲಾವಣೆ, ಉಸಿರಿನ ಬಲ ಹೆಚ್ಚಿಸುತ್ತದೆನ್ನುವ ಒಂದು ಉಪಕರಣ, ತುಟಿಗಳ ನಡುವೆ ಕಚ್ಚಿಕೊಂಡು ಕಸರತ್ತು ಮಾಡುವ ಲೋಹದ ಕಡ್ಡಿ. ಎಲ್ಲವನ್ನೂ ಕೂಡಿಸಿದರೆ ಮಧ್ಯಮ ದರ್ಜೆಯ ಹೊಸ ಟ್ರಂಪೆಟ್ಟೇ ಬರುತ್ತಿತ್ತು; ಮಾರಲು ಹೊರಟಾಗ ಮೂರರಲ್ಲಿ ಒಂದು ಪಾಲೂ ಹಿಂದಿರುಗಲಿಲ್ಲ. ವಿಚಿತ್ರವೆಂದರೆ, ಕೊಂಡ ಪ್ರತಿಯೊಂದೂ ಮೊದಲ ವಾರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಹೊಸ ಅಂಚು ತುಟಿಗೆ ಅಪರಿಚಿತವಾಗಿರುವಷ್ಟು ಕಾಲ ಮೈ ಎಚ್ಚರದಿಂದಿರುತ್ತದೆ. ಅದು ಪರಿಚಿತವಾದ ಕೂಡಲೆ ಹಳೆಯ ಒತ್ತಡ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಸಾಮಾನು ಬದಲಾಯಿಸಿ ಪಡೆದ ಲಾಭವೆಲ್ಲ ಆ ಎಚ್ಚರದ ಲಾಭವೇ ಎಂಬುದು ನನ್ನ ತೀರ್ಮಾನ.

ನಾವೆಲ್ಲರೂ ಕನ್ನಡಿಯನ್ನು ಎದುರಿಗಿಟ್ಟು ತುಟಿಯ ಮೂಲೆಗಳನ್ನು ನೋಡುತ್ತೇವೆ. ಕತ್ತು ಹಿಂದಕ್ಕೂ ಮುಂದಕ್ಕೂ ಸರಿಯುವುದು ಆ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ನಾನು ಫೋನನ್ನು ಪಕ್ಕದಲ್ಲಿ, ಕಿವಿಯ ಎತ್ತರಕ್ಕೆ ನಿಲ್ಲಿಸಿ ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದೆ. ಮೌತ್‌ಪೀಸ್ ಇನ್ನೂ ನಾಲ್ಕು ಬೆರಳಷ್ಟು ದೂರವಿರುವಾಗಲೇ ಗದ್ದ ಅದನ್ನು ಎದುರುಗೊಳ್ಳಲು ಮುಂದಕ್ಕೆ ಚಾಚುತ್ತಿತ್ತು, ತಲೆಯ ಹಿಂಭಾಗ ಬೆನ್ನಿನ ಕಡೆಗೆ ಕುಸಿಯುತ್ತಿತ್ತು. ಉಸಿರೆಳೆದು ಮುಗಿಯುವಷ್ಟರಲ್ಲಿ ಬಲಗೈಯ ಕಿರುಬೆರಳು ವಾದ್ಯದ ಮೇಲಿನ ಬೆರಳುಕೊಕ್ಕೆಯೊಳಗೆ ಬಾಗಿ ವಾದ್ಯವನ್ನು ಮುಖದತ್ತ ಎಳೆಯುತ್ತಿತ್ತು. ಆ ಬೆರಳಿನ ಗೆಣ್ಣು ಬೆಳ್ಳಗಾಗುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಎಡಗೈ ವಾಲ್ವ್ ಕವಚವನ್ನು (ಸ್ವರ ಬದಲಿಸುವ ಒತ್ತುಗುಂಡಿಗಳ ಕವಚವನ್ನು) ಹಿಂಡುತ್ತಿತ್ತು, ಮಂಡಿಗಳು ಹಿಂದಕ್ಕೆ ಬಿಗಿಯುತ್ತಿದ್ದವು. ಸುಮಾರು ಒಂದು ಕಿಲೋ ತೂಕದ ವಾದ್ಯವನ್ನು ಎತ್ತಲು ಇಷ್ಟೆಲ್ಲ ಸಿದ್ಧತೆ ಬೇಕೆ? ಗಮನಿಸಬೇಕಾದ ಸಂಗತಿಯೆಂದರೆ, ಇವೆಲ್ಲವೂ ನಡೆದದ್ದು ಸ್ವರ ಹೊರಡುವ ಮೊದಲು.

ಆಸ್ಟ್ರೇಲಿಯಾದ ವಾಚಕ ಎಫ್. ಎಂ. ಅಲೆಕ್ಸಾಂಡರ್ (1869–1955) ವೇದಿಕೆಯ ಮೇಲೆ ವಾಚಿಸುವಾಗ ಕಂಠ ಕಟ್ಟಿಹೋಗುತ್ತಿದ್ದ ಕಾರಣವನ್ನು ಕನ್ನಡಿಗಳ ಮುಂದೆ ನಿಂತು ಹುಡುಕಿದಾಗ ಅವರಿಗೆ ಕಂಡದ್ದೂ ಇದೇ: ಮಾತು ಆರಂಭಿಸುವಾಗಲೇ ತಲೆ ಹಿಂದಕ್ಕೆ ಕುಸಿಯುತ್ತಿತ್ತು. ತಲೆಬುರುಡೆ ಬೆನ್ನೆಲುಬಿನ ತುದಿಯ ಮೇಲೆ ಕೂರುವ ಕೀಲು ಎರಡು ಕಿವಿಗಳ ನಡುವಿನ ಎತ್ತರದಲ್ಲಿದೆ; ನಮ್ಮಲ್ಲಿ ಹಲವರು ಅದು ಕತ್ತಿನ ಬುಡದಲ್ಲಿದೆ ಎಂಬಂತೆ ಇಡೀ ಕತ್ತನ್ನೇ ಬಾಗಿಸುತ್ತೇವೆ. "ಬೆಲ್ (ವಾದ್ಯದ ಅಗಲವಾದ ಬಾಯಿ) ಮೇಲಕ್ಕೆ" ಎಂಬ ಗುರುಗಳ ಕೂಗು ಇದನ್ನು ಇನ್ನಷ್ಟು ಕೆಡಿಸುತ್ತದೆ. ಫ್ರೆಂಚ್ ಹಾರ್ನ್ ವಾದಕ ಫಿಲಿಪ್ ಫಾರ್ಕಾಸ್ 1970ರಲ್ಲಿ ಪ್ರಕಟಿಸಿದ 40 ವಾದಕರ ತುಟಿಗಳ ಚಿತ್ರಗಳಲ್ಲಿ ಬಹುತೇಕ ಎಲ್ಲರ ಗಾಳಿಯೂ ಕೆಳಮುಖವಾಗಿಯೇ ಹೋಗುತ್ತಿತ್ತು. ಮೇಲಿನ ಹಲ್ಲು ಮುಂದಿರುವವನಿಗೆ ವಾದ್ಯ ಸ್ವಲ್ಪ ಇಳಿದಿರುವುದೇ ಸಹಜ. ಅವನು ಬೆಲ್ಲನ್ನು ನೆಟ್ಟಗೆ ಹಿಡಿಯಬೇಕೆಂದು ಹಟ ಹಿಡಿದರೆ ತಲೆಯನ್ನು ಹಿಂದಕ್ಕೆ ಬೀಳಿಸದೆ ಬೇರೆ ದಾರಿಯಿಲ್ಲ.

ನಾನು ಮಾಡಿದ್ದು ಇಷ್ಟು. ನಡುವಣ ಜಿ ಸ್ವರವನ್ನು ಊದುವೆನೆಂದು ನಿಶ್ಚಯಿಸಿ ವಾದ್ಯವನ್ನು ಎತ್ತುವುದು, ಅದನ್ನು ಮುಖದ ಬಳಿಗೆ ತರುವುದೇ ಹೊರತು ಮುಖವನ್ನು ಅದರ ಬಳಿಗೆ ಒಯ್ಯದಿರುವುದು, ಕತ್ತಿನಲ್ಲಿ ಬಿಗಿತದ ಸುಳಿವು ಸಿಕ್ಕರೆ ಊದದೆ ಇಳಿಸಿಬಿಡುವುದು. ಹತ್ತು ಸಲ ಎತ್ತಿದರೆ ಸ್ವರ ಹೊರಡುತ್ತಿದ್ದುದು ಮೂರೋ ನಾಲ್ಕೋ ಸಲ. ಊದಲು ಹೊರಟ ಮನಸ್ಸನ್ನು ತಡೆಯುವುದೇ ಇಲ್ಲಿನ ಅಭ್ಯಾಸ; ಹೇಗೂ ಊದುವುದಿಲ್ಲವೆಂದು ಮೊದಲೇ ಗೊತ್ತಿದ್ದರೆ ಮೈ ಬಿಗಿಯುವುದಿಲ್ಲ, ಆದ್ದರಿಂದ ಏನೂ ಕಲಿತಂತಾಗುವುದಿಲ್ಲ. ಮೊದಲ ಎರಡು ತಿಂಗಳು ನನ್ನ ನುಡಿಸುವಿಕೆ ಕೆಟ್ಟಿತು; ಸ್ವರ ತೆಳುವಾಯಿತು, ಮೇಲಿನ ಎ ಸ್ವರವನ್ನು ದಾಟಲಾಗುತ್ತಿರಲಿಲ್ಲ. ನಕ್ಕವರು ಇನ್ನಷ್ಟು ನಕ್ಕದ್ದು ಆಗಲೇ.

ಈ ಹಂತದಲ್ಲಿ ಮೈಯ ಅನಿಸಿಕೆಯನ್ನು ನಂಬಲೇಬಾರದು. ತಲೆ ನಿಜವಾಗಿ ನೆಟ್ಟಗಿದ್ದಾಗ ನನಗೆ ಗದ್ದವನ್ನು ಎದೆಗೆ ಒತ್ತಿಕೊಂಡಂತೆ ಅನ್ನಿಸುತ್ತಿತ್ತು, ಹಳೆಯಂತೆ ಕುಸಿದಾಗಲೇ ಹಾಯೆನ್ನಿಸುತ್ತಿತ್ತು. ಆದ್ದರಿಂದ ಸಾಕ್ಷಿಗೆ ಚಿತ್ರವನ್ನೂ ಧ್ವನಿಮುದ್ರಣವನ್ನೂ ಇಟ್ಟುಕೊಂಡೆ. ಇನ್ನೊಂದು ಅಳತೆ ತುಟಿಯ ಮೇಲೆ ಮೂಡುವ ಉಂಗುರದ ಗುರುತು: ಮೊದಲು ಅದು ಎರಡು ಮೂರು ಗಂಟೆಯಾದರೂ ಮಾಸುತ್ತಿರಲಿಲ್ಲ, ಈಗ ಕಾಲು ಗಂಟೆಯೊಳಗೆ ಹೋಗುತ್ತದೆ.

ಉಸಿರಿನ ವಿಷಯದಲ್ಲಿ "ಹೊಟ್ಟೆಯಿಂದ ತಳ್ಳು" ಎಂಬ ಮಾತನ್ನು ನಾನು ಪೂರ್ತಿ ಕೈಬಿಟ್ಟೆ. ಎದೆಗೂ ಹೊಟ್ಟೆಗೂ ನಡುವಿನ ತೆರೆಯಾದ ವಪೆ ಉಸಿರನ್ನು ಒಳಗೆಳೆಯುವ ಸ್ನಾಯು. ಊದುವಾಗ ಅದು ಸಡಿಲಗೊಳ್ಳುತ್ತಾ ಮೇಲೇರುತ್ತದೆ, ಅದರಿಂದ ತಳ್ಳುವುದೆಂಬುದು ಇಲ್ಲ. ತಳ್ಳಲು ಹೊರಟವನು ಉಸಿರೆಳೆದ ಮೇಲೆ ಗಂಟಲು ಮುಚ್ಚಿ, ಭಾರ ಎತ್ತುವವರ ಹಾಗೆ ಹೊಟ್ಟೆ ಬಿಗಿದು, ಆಮೇಲೆ ಸ್ವರ ಸಿಡಿಸುತ್ತಾನೆ. ತಾಳದ ಪೆಟ್ಟು ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು, ಮೂರು ಪೆಟ್ಟು ಉಸಿರೆಳೆದು, ನಾಲ್ಕನೆಯದರಲ್ಲಿ ನಡುವೆ ನಿಲುಗಡೆಯೇ ಇಲ್ಲದೆ ಊದುವುದನ್ನು ರೂಢಿಸಿಕೊಂಡ ಮೇಲೆ ಆ ಬಿಗಿತಕ್ಕೆ ಹೊತ್ತೇ ಸಿಗಲಿಲ್ಲ.

ಷಿಕಾಗೋ ಸಿಂಫನಿಯಲ್ಲಿ 1944ರಿಂದ 1988ರವರೆಗೆ ಟ್ಯೂಬಾ ನುಡಿಸಿದ ಆರ್ನಾಲ್ಡ್ ಜೇಕಬ್ಸ್ ಅವರ ಹೆಸರನ್ನು ಹಲವರು ನನಗೆ ಎದುರಾಗಿ ಎತ್ತಿದರು. ಸ್ನಾಯುಗಳನ್ನು ಬಿಟ್ಟು ನಾದವನ್ನೂ ಗಾಳಿಯನ್ನೂ ಗಮನಿಸಬೇಕೆಂಬುದು ಅವರ ಬೋಧನೆಯಾಗಿತ್ತು. ನನ್ನ ಕ್ರಮಕ್ಕೂ ಅದಕ್ಕೂ ಜಗಳವಿಲ್ಲ. ಮೈಯನ್ನು ನಾನು ಗಮನಿಸುವುದು ಸ್ವರಕ್ಕೆ ಮೊದಲು. ಸ್ವರ ಹೊರಟ ಮೇಲೆ ನಾದವೊಂದನ್ನೇ ಕೇಳುತ್ತೇನೆ.

ಪಕ್ಕದ ಪ್ರಯೋಗಗಳೂ ಕೆಲವು ನಡೆದವು. ಗೋಡೆಗೆ ಬೆನ್ನು ಹಚ್ಚಿ ನಿಂತು ಊದಿದ್ದು ದಂಡ; ನೆಟ್ಟಗಿರುವ ಹೆಸರಿನಲ್ಲಿ ಎದೆಯೇ ಬಿಗಿಯಿತು. ನೆಲದ ಮೇಲೆ ಅಂಗಾತ ಮಲಗಿ, ತಲೆಯ ಕೆಳಗೆ ಎರಡು ಪುಸ್ತಕ ಇಟ್ಟು ಊದಿದ್ದು ಕತ್ತಿಗೆ ಬಹಳ ಒಳ್ಳೆಯದಾಯಿತು, ಆದರೆ ಕೊಳವೆಯ ನೀರು ಬಾಯಿಗೇ ಮರಳುವುದರಿಂದ ಹತ್ತು ನಿಮಿಷ ದಾಟುವುದು ಕಷ್ಟ. ಕಿರುಬೆರಳನ್ನು ಕೊಕ್ಕೆಯ ಹೊರಗೆ ಇಟ್ಟದ್ದಂತೂ ಬಿಟ್ಟಿಯಾಗಿ ಸಿಕ್ಕ ದೊಡ್ಡ ಲಾಭ. ಕೆನ್ನೆ ಉಬ್ಬಬಾರದೆಂಬ ನಿಯಮವನ್ನೂ ಪರೀಕ್ಷಿಸಿದೆ. ಜಾಝ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಕೆನ್ನೆಯುಬ್ಬಿಸಿ ಬೇಕಾದ್ದನ್ನೆಲ್ಲ ನುಡಿಸಿದರು, ನನಗೆ ಮಾತ್ರ ತುಟಿಯ ಮೂಲೆಗಳು ಕೈಕೊಟ್ಟವು. ಎಡಗೈಯ ಹೆಬ್ಬೆರಳು ಮತ್ತು ಉಂಗುರದ ಬೆರಳಿನ ನಡುವೆ ತೂಕವನ್ನು ಹಂಚುವ ಒಂದು ಹಿಡಿತವನ್ನೂ ಕಂಡುಕೊಂಡಿದ್ದೇನೆ. ಅದನ್ನು ಬರೆದು ತಿಳಿಸಲಾಗದು, ಎದುರು ಕೂತವರಿಗೆ ಮಾತ್ರ ತೋರಿಸುತ್ತೇನೆ.

ಒಂದು ಕಡೆ ಇದು ಇನ್ನೂ ಪೂರ್ತಿ ಪಳಗಿಲ್ಲ. ಮೂವತ್ತು ನಲವತ್ತು ಬಾರ್ (ತಾಳದ ಆವರ್ತ) ಸುಮ್ಮನೆ ಕುಳಿತಿದ್ದು ಒಮ್ಮೆಲೇ ಏರುಸ್ವರದಲ್ಲಿ ಪ್ರವೇಶಿಸಬೇಕಾದಾಗ, ಐದರಲ್ಲಿ ಒಂದು ಸಲವಾದರೂ ಗದ್ದ ಹಳೆಯಂತೆ ಮುಂದಕ್ಕೆ ಚಾಚುತ್ತದೆ. ಅದಕ್ಕಾಗಿ ಎಣಿಕೆಯ ಕೊನೆಯ ನಾಲ್ಕು ಬಾರ್‌ಗಳಲ್ಲಿ ವಾದ್ಯವನ್ನು ಒಮ್ಮೆ ಎತ್ತಿ, ಇಳಿಸಿ, ಮತ್ತೆ ಎತ್ತುವುದನ್ನು ರೂಢಿಸಿಕೊಳ್ಳುತ್ತಿದ್ದೇನೆ. ಪಕ್ಕದಲ್ಲಿ ಕೂರುವ ಎರಡನೆಯ ಟ್ರಂಪೆಟ್‌ನವರು ನಾನು ಎತ್ತಿದ್ದನ್ನು ನೋಡಿ ಒಮ್ಮೆ ಬಾರ್ ತಪ್ಪಿ ಪ್ರವೇಶಿಸಿದ್ದರಿಂದ, ಈಗ ಪೂರ್ವಾಭ್ಯಾಸದಲ್ಲೇ ಅವರಿಗೆ ತಿಳಿಸಿಟ್ಟಿರುತ್ತೇನೆ.