‘ನೀರು ಬಂತು’ ಅಂದರೆ ಯಾವ ನೀರು? ಮಳೆಗಾಲಕ್ಕೆ ಎಐ ಬಳಸುವ ಬಗೆ

ಹೋದ ಮಳೆಗಾಲದ ಒಂದು ರಾತ್ರಿ ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿಗೆ ಒಂದೂವರೆ ಗಂಟೆಯಲ್ಲಿ ಇನ್ನೂರಕ್ಕೂ ಜಾಸ್ತಿ ಮೆಸೇಜ್ ಬಂದವು. ಅಷ್ಟನ್ನೂ ಕಾಪಿ ಮಾಡಿ ಒಂದು ಚಾಟ್‌ಬಾಟ್‌ಗೆ ಹಾಕಿ, ಎಲ್ಲೆಲ್ಲಿ ನೀರು ನುಗ್ಗಿದೆ ಪಟ್ಟಿ ಮಾಡು ಅಂದೆ. ಚೆಂದದ ಪಟ್ಟಿ ಕೊಟ್ಟಿತು, ಮೊದಲ ಹೆಸರೇ ಮೂರನೇ ಕ್ರಾಸ್. ಪ್ಯಾಂಟ್ ಮಡಚಿಕೊಂಡು ಟಾರ್ಚ್ ಹಿಡಿದು ಓಡಿದರೆ ಅಲ್ಲಿ ರಸ್ತೆ ಒದ್ದೆಯಾಗಿತ್ತು, ಅಷ್ಟೇ. ಅಲ್ಲಿನ ಆಂಟಿಯೊಬ್ಬರು ‘ನೀರು ಬಂತು, ಬೇಗ ಹಿಡ್ಕೊಳ್ಳಿ’ ಅಂತ ಬರೆದಿದ್ದು ನಲ್ಲಿಗೆ ಬಿಟ್ಟ ಕಾವೇರಿ ನೀರಿನ ಬಗ್ಗೆ.

ಬೆಂಗಳೂರಿನವರಿಗೆ ಇದು ಹೇಳದೆಯೇ ಗೊತ್ತಾಗುತ್ತದೆ, ಅಲ್ವಾ? ಮೆಷಿನ್ನಿಗೆ ಗೊತ್ತಾಗಲಿಲ್ಲ. ನಮ್ಮ ಬೀದಿಯ ವಿಷಯ ಅದಕ್ಕೆ ನಾವೇ ಹೇಳಿಕೊಡಬೇಕು, ಅದೂ ಮಳೆ ಬರುವ ಮೊದಲೇ. ನಾವು ಅದನ್ನು ಹೇಗೆ ಮಾಡಿಕೊಂಡೆವು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು, ಏನು ಕೇಳಬಾರದು ಅನ್ನುವುದು. ‘ಇವತ್ತು ನಮ್ಮ ಏರಿಯಾದಲ್ಲಿ ಮಳೆ ಬರುತ್ತಾ’ ಅಂತ ಚಾಟ್‌ಬಾಟ್‌ ಹತ್ತಿರ ಕೇಳುವುದು ಸುಮ್ನೆ ಟೈಮ್ ವೇಸ್ಟ್. ಹವಾಮಾನ ಹೇಳುವ ಎಐ ಬೇರೆಯೇ ಇದೆ. 2023ರಲ್ಲಿ ಗೂಗಲ್ ಡೀಪ್‌ಮೈಂಡ್‌ನವರ ಗ್ರಾಫ್‌ಕಾಸ್ಟ್ ಬಂತು, 2025ರಿಂದ ಯುರೋಪಿನ ಹವಾಮಾನ ಕೇಂದ್ರವೂ ದಿನನಿತ್ಯ ಎಐ ಮುನ್ಸೂಚನೆ ಕೊಡುತ್ತಿದೆ. ಆದರೆ ಇವು ಭೂಮಿಯನ್ನು ಸುಮಾರು 25–30 ಕಿಲೋಮೀಟರ್ ಅಗಲದ ಚೌಕಗಳಾಗಿ ನೋಡುತ್ತವೆ. ಯಲಹಂಕ, ಜಯನಗರ ಎರಡೂ ಒಂದೇ ಚೌಕಕ್ಕೆ ಸೇರಿಹೋಗಬಹುದು. ಯಲಹಂಕದಲ್ಲಿ ಧೋ ಅಂತ ಸುರಿಯುವಾಗ ಜಯನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ ಅನ್ನುವುದು ನಮಗೆಲ್ಲ ಗೊತ್ತಿರುವ ಸಂಗತಿ. ಪ್ರವಾಹದ ಮುನ್ಸೂಚನೆ ಕೊಡುವ ಗೂಗಲ್‌ನ ಫ್ಲಡ್ ಹಬ್ ಒಳ್ಳೆಯ ಕೆಲಸವೇ, ಅದರ ಹಿಂದಿನ ಪ್ರಯೋಗ 2018ರಲ್ಲಿ ಪಾಟ್ನಾದಲ್ಲಿ ಶುರುವಾಗಿದ್ದು, ಆದರೆ ಅದು ಬೆಳೆದಿದ್ದು ನದಿ ಉಕ್ಕುವ ಊರುಗಳಿಗಾಗಿ. ನಮ್ಮ ಊರು ಕೂತಿರುವುದು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲೆ, ದಿಣ್ಣೆಯ ಮೇಲೆ. ಇಲ್ಲಿ ಮುಳುಗುವುದು ಕೆರೆ ಕೋಡಿ ಬಿದ್ದಾಗ, ರಾಜಕಾಲುವೆ ಕಟ್ಟಿಕೊಂಡಾಗ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನೆನಪಿರಬೇಕಲ್ಲ.

ಮಳೆ ಎಚ್ಚರಿಕೆಗೆ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣ ನೋಡಿ. ಫೋನಿಗೆ ಸರ್ಕಾರದ ವಿಪತ್ತು ಎಚ್ಚರಿಕೆ ಕೊಡುವ ಸಚೇತ್ ಆ್ಯಪ್ ಹಾಕಿಕೊಳ್ಳಿ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಗರದ ತುಂಬ ಮಳೆಮಾಪಕ ಇಟ್ಟಿದೆ, ಐಐಎಸ್‌ಸಿ ಜೊತೆ ಸೇರಿ ಮೇಘ ಸಂದೇಶ ಅನ್ನುವ ಆ್ಯಪ್ ಕೂಡ ಮಾಡಿತು. ಇಷ್ಟು ಸಾಕು.

ಈಗ ಕೆಲಸಕ್ಕೆ ಬನ್ನಿ. ಬಿಸಿಲಿರುವಾಗಲೇ ಒಂದು ಪುಟ ಬರೆಯಿರಿ, ಕನ್ನಡದಲ್ಲೇ. ನೀರು ಮೊದಲು ಯಾವ ಮೂಲೆಗೆ ಬರುತ್ತದೆ, ಹೋದ ಸಲ ಗೋಡೆಯಲ್ಲಿ ಎಷ್ಟು ಅಡಿವರೆಗೆ ಕಲೆ ಇತ್ತು, ಮೋರಿ ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾರ ಸಂಪ್ ರಸ್ತೆಗಿಂತ ಕೆಳಗಿದೆ, ಯಾವ ಬೇಸ್‌ಮೆಂಟಿನಲ್ಲಿ ಯುಪಿಎಸ್ ನೆಲದ ಮೇಲೇ ಇದೆ, ಯಾರ ಮನೆಯಲ್ಲಿ ನಡೆಯಲಾಗದ ಹಿರಿಯರಿದ್ದಾರೆ, ಡೀಸೆಲ್ ಪಂಪ್ ಯಾರ ಹತ್ತಿರ ಇದೆ. ಇದಕ್ಕೆ ಹಳೇ ನಿವಾಸಿಗಳನ್ನು ಕೇಳಬೇಕು, ಅವರಿಗೆ ‘ಇಲ್ಲಿ ಮೊದಲು ಕಾಲುವೆ ಇತ್ತು ಕಣಪ್ಪಾ’ ಅಂತ ಹೇಳಲು ಯಾರಾದರೂ ಸಿಕ್ಕಿದರೆ ಅದೇ ಖುಷಿ. ಹೆಸರು, ಫೋನ್ ನಂಬರ್ ಬೇಡ. ಮನೆಗಳಿಗೆ ಎ1, ಬಿ4 ಅಂತ ಗುರುತು ಕೊಡಿ, ಯಾವುದು ಯಾರ ಮನೆ ಅನ್ನುವುದು ನಿಮ್ಮ ಹತ್ತಿರ ಕಾಗದದಲ್ಲಿ ಇರಲಿ. ಅಜ್ಜಿಯ ಕಾಯಿಲೆಯ ವಿವರ ಯಾವುದೋ ಕಂಪನಿಯ ಸರ್ವರಿಗೆ ಯಾಕೆ ಹೋಗಬೇಕು?

ಈ ಪುಟವನ್ನು ಎಐಗೆ ಕೊಟ್ಟು, ‘ಇದನ್ನು ಓದಿ ನಿನಗೆ ಅರ್ಥವಾಗದ ಹತ್ತು ಪ್ರಶ್ನೆ ಕೇಳು’ ಅನ್ನಿ. ಉತ್ತರಕ್ಕಿಂತ ಅದರ ಪ್ರಶ್ನೆಗಳೇ ನಮಗೆ ಜಾಸ್ತಿ ಉಪಯೋಗಕ್ಕೆ ಬಂದವು. ‘ಕರೆಂಟ್ ಹೋದರೆ ಡ್ರೈನೇಜ್ ಪಂಪ್ ಯಾವುದರ ಮೇಲೆ ಓಡುತ್ತದೆ?’ ಅಂತ ಕೇಳಿತು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಇನ್ನೊಂದು ಕೆಲಸ, ಮಳೆ ಅಳೆಯಿರಿ. ಬಾಯಿ, ತಳ ಒಂದೇ ಅಗಲ ಇರುವ ನೇರ ಡಬ್ಬ, ಒಂದು ಸ್ಕೇಲು, ಟೆರೇಸಿನ ಬಯಲು ಜಾಗ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಥರ್ಟಿ ಫಾರ್ಟಿ ಸೈಟ್ ಅಂದರೆ ಸುಮಾರು 111 ಚದರ ಮೀಟರ್, ಹಾಗಾಗಿ 50 ಮಿಲಿಮೀಟರ್ ಮಳೆಗೆ ಅದೊಂದೇ ಸೈಟಿನಿಂದ ಐದೂವರೆ ಸಾವಿರ ಲೀಟರ್. ಹೆಚ್ಚುಕಡಿಮೆ ಒಂದು ಟ್ಯಾಂಕರ್! ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ ನೀರನ್ನು ಮಳೆಗಾಲದಲ್ಲಿ ರಸ್ತೆಗೆ ಬಿಟ್ಟು ಆಮೇಲೆ ಮೋರಿಯನ್ನು ಬೈಯುತ್ತೇವೆ, ಇರಲಿ. ತಾರೀಕು, ಮಳೆ ಶುರುವಾದ ಹೊತ್ತು, ನಿಂತ ಹೊತ್ತು, ಎಷ್ಟು ಮಿಲಿಮೀಟರ್, ಮೂಲೆಯಲ್ಲಿ ನೀರು ನಿಂತಿತಾ ಇಲ್ಲವಾ ಅಂತ ಬರೆದಿಡಿ. ಹತ್ತು ಹದಿನೈದು ಮಳೆ ಆದ ಮೇಲೆ ಆ ಟೇಬಲ್ಲನ್ನು ಎಐಗೆ ಕೊಟ್ಟು, ಎಂಥ ಮಳೆಗೆ ಮೂಲೆಯಲ್ಲಿ ನೀರು ನಿಲ್ಲುತ್ತದೆ ಅಂತ ಕೇಳಿ. ಹವಾಮಾನ ಇಲಾಖೆ ‘ಭಾರಿ ಮಳೆ’ ಅನ್ನುವುದು 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದಾಗ. ನಮ್ಮ ಲೆಕ್ಕದಲ್ಲಿ ರಾತ್ರಿಯಿಡೀ ಜಿಟಿಜಿಟಿ ಬಿದ್ದ 60 ಏನೂ ಮಾಡಲಿಲ್ಲ, ಅರ್ಧ ಗಂಟೆಯಲ್ಲಿ ಬಿದ್ದ 30 ಮೂಲೆಯನ್ನು ಮುಳುಗಿಸಿತು. ಅಷ್ಟು ಕಮ್ಮಿ ಸಾಲು ಇಟ್ಟುಕೊಂಡು ಎಐ ‘ಶೇಕಡಾ ಇಷ್ಟು ಖಚಿತ’ ಅಂತ ಹೇಳಿದರೆ ಮಾತ್ರ ನಂಬಬೇಡಿ. ಅದು ಧೈರ್ಯವಾಗಿ ಬುರುಡೆ ಬಿಡುತ್ತದೆ.

ಮಳೆ ಬಂದ ರಾತ್ರಿ ಅದು ಮಾಡಬೇಕಾದ್ದು ಗುಮಾಸ್ತನ ಕೆಲಸ. ಒಬ್ಬರು ಮೆಸೇಜ್‌ಗಳನ್ನು ಕಾಪಿ ಮಾಡಿ, ನಂಬರ್‌ಗಳನ್ನು ಅಳಿಸಿ, ಕೆಳಗಿನದನ್ನು ಜೊತೆಗೆ ಹಾಕಬೇಕು. ಇದನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ:

‘ರಾತ್ರಿ 9ರ ನಂತರದ ಮೆಸೇಜ್ ಮಾತ್ರ ತೆಗೆದುಕೋ. ಜಾಗ, ಸಮಯ, ನೀರಿನ ಮಟ್ಟ, ಯಾರಾದರೂ ಸಿಕ್ಕಿಕೊಂಡಿದ್ದಾರಾ, ಸಹಾಯ ಹೋಗಿದೆಯಾ ಅಂತ ಟೇಬಲ್ ಮಾಡು. ಪ್ರತಿ ಸಾಲಿನ ಪಕ್ಕ ಮೂಲ ಮೆಸೇಜ್ ಹಾಗೇ ಇಡು. ಮೆಸೇಜಿನಲ್ಲಿ ಇಲ್ಲದ್ದಕ್ಕೆ ಗೊತ್ತಿಲ್ಲ ಅಂತ ಬರೆ, ಊಹಿಸಬೇಡ. ಬರೀ ನೀರು ಬಂತು ಅಂತ ಇದ್ದರೆ ನಲ್ಲಿ ನೀರೋ ಮಳೆ ನೀರೋ ಕೇಳಬೇಕು ಅಂತ ಬೇರೆ ಇಡು.’

ಮೂಲ ಮೆಸೇಜ್ ಪಕ್ಕದಲ್ಲಿರುವುದು ಮುಖ್ಯ. ಒಬ್ಬರು ‘ಅಜ್ಜಿ ಮೇಲೆ ಇದ್ದಾರೆ’ ಅಂತ ಹಾಕಿದ್ದರು, ಅಂದರೆ ಮೊದಲ ಮಹಡಿಗೆ ಕಳಿಸಿದ್ದೇವೆ, ಚಿಂತೆ ಇಲ್ಲ ಅಂತ. ಎಐ ಅವರನ್ನು ಸಿಕ್ಕಿಕೊಂಡವರ ಪಟ್ಟಿಗೆ ಸೇರಿಸಿತ್ತು. ಹಾಗಾಗಿ ಇನ್ನೊಬ್ಬರು ಆ ಟೇಬಲ್ ಹಿಡಿದು ಒಂದೊಂದು ಮನೆಗೂ ಫೋನ್ ಮಾಡಲೇಬೇಕು. ವಾಯ್ಸ್ ಮೆಸೇಜ್ ಹೀಗೆ ಕಾಪಿ ಆಗುವುದಿಲ್ಲ, ಯಾರಾದರೂ ಕೇಳಿ ಒಂದು ಸಾಲು ಟೈಪ್ ಮಾಡಬೇಕು.

ಎಚ್ಚರಿಕೆಯ ಸೂಚನೆಗಳ ಅನುವಾದಕ್ಕೂ ಎಐ ಚೆನ್ನಾಗಿದೆ. ಗಾರ್ಡ್‌ಗಳಿಗೆ ಹಿಂದಿ, ನೇಪಾಳಿ, ಕೆಲಸಕ್ಕೆ ಬರುವವರಿಗೆ ತೆಲುಗು, ತಮಿಳು. ಮೊದಲೇ ಮಾಡಿಸಿ, ಆ ಭಾಷೆಯವರಿಂದ ಓದಿಸಿ. ನಮ್ಮ ‘ಮೋಟರ್ ಹಾಕಬೇಡಿ’ ಹಿಂದಿಗೆ ಹೋಗಿ ‘ಮೋಟರ್ ಜೋಡಿಸಬೇಡಿ’ ಆಗಿತ್ತು.

ಅಂಡರ್‌ಪಾಸ್ ದಾಟಬಹುದಾ, ನೀರಿಳಿದ ಮೇಲೆ ಮೇನ್ ಸ್ವಿಚ್ ಹಾಕಬಹುದಾ, ಇವೆರಡನ್ನು ಎಐಗೆ ಕೇಳಲೇಬೇಡಿ. 2023ರ ಮೇನಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡರು. ನೀರು ನಿಂತಿದ್ದರೆ ಗಾಡಿ ತಿರುಗಿಸಿ. ಸ್ವಿಚ್ಚಿಗೆ ಎಲೆಕ್ಟ್ರಿಷಿಯನ್ ಬರಲಿ. ಜೀವಕ್ಕೆ ಅಪಾಯ ಅಂದರೆ 112, ಮೋರಿ ರಸ್ತೆ ವಿಷಯಕ್ಕೆ 1533, ಕರೆಂಟಿಗೆ 1912.

ಕೊನೆಗೆ, ಕರೆಂಟ್ ಹೋಗಿ ನೆಟ್‌ವರ್ಕ್ ಬಿದ್ದರೆ ಇಷ್ಟೆಲ್ಲ ಇದ್ದೂ ಇಲ್ಲದ ಹಾಗೆ. ಆ ಒಂದು ಪುಟ, ಮೇಲಿನ ನಂಬರ್‌ಗಳು, ಅನುವಾದಗಳು, ಮೂರನ್ನೂ ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ, ಸೆಕ್ಯೂರಿಟಿ ಕ್ಯಾಬಿನ್ನಿನಲ್ಲಿ ನೇತುಹಾಕಿ. ಹೋದ ಸಲ ಕಲೆ ಬಿದ್ದಿದ್ದ ಮಟ್ಟಕ್ಕಿಂತ ಮೇಲೆ.