ಅಜ್ಜಿ, ಎಷ್ಟು ಮ್ಯಾಚ್?

ಚಳಿಗಾಲದ ಬೆಳಿಗ್ಗೆ, ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ಫೋನ್ ಟಣ್ ಅನ್ನುತ್ತದೆ. ಕೆನಡಾದ ವಿನಿಪೆಗ್‌ನಲ್ಲಿರುವ ಮೊಮ್ಮಗ. ಅರ್ಧ ನಿಮಿಷದ ಒಂದು ವಿಡಿಯೋ, ಅದರ ಕೆಳಗೆ ಒಂದೇ ಸಾಲು: "ಅಜ್ಜಿ, ಎಷ್ಟು ಮ್ಯಾಚ್?"

ಅಲ್ಲಿ ಸಂಜೆ 7ಕ್ಕೆ ಶುರುವಾಗುವ ಐಸ್ ಹಾಕಿ ದಾವಣಗೆರೆಗೆ ಬೆಳಗಿನ 6.30ರ ಆಟ. ಯಾರೋ ಯಾರಿಗೋ ಜೋರಾಗಿ ಡಿಕ್ಕಿ ಹೊಡೆದಿರುತ್ತಾನೆ. ಅವನನ್ನು ಲೀಗಿನವರು ಎಷ್ಟು ಮ್ಯಾಚ್ ಹೊರಗಿಡುತ್ತಾರೆ ಅಂತ ನಾವಿಬ್ಬರೂ ಅಂದಾಜು ಹೇಳಬೇಕು. ಹತ್ತಿರ ಹೇಳಿದವರಿಗೆ ಒಂದು ಪಾಯಿಂಟ್. ಅವನು ರಜೆಗೆ ಬಂದಾಗ ಪಾಯಿಂಟ್ ಲೆಕ್ಕದಲ್ಲಿ ಬೆಣ್ಣೆ ದೋಸೆ. ಹೋದ ಸಲ ನಾನು 14, ಅವನು 9. ದೋಸೆ ದುಡ್ಡು ಮಾತ್ರ ನಾನೇ ಕೊಟ್ಟೆ, ಅದು ಬೇರೆ ವಿಷಯ.

ನಾನು 29 ವರ್ಷ ಹುಡುಗಿಯರ ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆಗಿದ್ದವಳು. ಕಬಡ್ಡಿ, ಖೋಖೋ ಎರಡಕ್ಕೂ ಅಂಪೈರ್ ಆಗಿ ನಿಂತವಳು. ಸೀಟಿ ಇನ್ನೂ ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿದೆ. ಐಸ್ ಅಂತ ನಾನು ಕಣ್ಣಾರೆ ನೋಡಿದ್ದು ಸೋಡಾ ಅಂಗಡಿಯ ಪೆಟ್ಟಿಗೆಯಲ್ಲಿ ಮಾತ್ರ. ಆದರೂ ಈಗ ನಮ್ಮ ವಿನೋಬನಗರದ ಬೀದಿಯ ಹುಡುಗರೂ ಈ ಆಟಕ್ಕೆ ಸೇರಿಕೊಂಡಿದ್ದಾರೆ. "ನೀವು ಹೆಂಗೆ ಕರೆಕ್ಟಾಗಿ ಹೇಳ್ತೀರಿ ಟೀಚರ್?" ಅಂತ ಕೇಳುತ್ತಾರೆ. ಅವರಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಇಷ್ಟು ಗೊತ್ತಿರಲಿ. ಐಸ್ ಹಾಕಿಯಲ್ಲಿ ಡಿಕ್ಕಿ ಹೊಡೆಯುವುದೇ ತಪ್ಪಲ್ಲ. ಪಕ್ ಅನ್ನೋ ರಬ್ಬರ್ ಬಿಲ್ಲೆ ಯಾರ ಹತ್ತಿರ ಇದೆಯೋ ಅವನಿಗೆ ಭುಜದಿಂದಲೋ ಸೊಂಟದಿಂದಲೋ ಗುದ್ದಿ ಅದನ್ನು ಬಿಡಿಸಬಹುದು. ಕಬಡ್ಡಿಯಲ್ಲಿ ರೈಡರ್‌ನ ತೊಡೆ ಹಿಡಿದ ಹಾಗೆ. ಸಣ್ಣ ತಪ್ಪಿಗೆ ರೆಫ್ರಿ ಅಲ್ಲೇ 2 ನಿಮಿಷ ಹೊರಗೆ ಕೂರಿಸುತ್ತಾರೆ, ದೊಡ್ಡದಕ್ಕೆ 5 ನಿಮಿಷ. ಕಬಡ್ಡಿಯ ಹಳದಿ ಕಾರ್ಡಿಗೂ 2 ನಿಮಿಷವೇ, ನೋಡಿ. ಇಬ್ಬರು ಕೈಗವಸು ಬಿಸಾಕಿ ಮುಷ್ಟಿಯಲ್ಲಿ ಹೊಡೆದಾಡಿದರೂ ಸಾಮಾನ್ಯವಾಗಿ 5 ನಿಮಿಷ ಕೂತು ವಾಪಸ್ ಬರುತ್ತಾರೆ. ಇದನ್ನು ನಾನು ಇವತ್ತಿಗೂ ಒಪ್ಪಿಲ್ಲ. ಇರಲಿ.

ನಾವು ಅಂದಾಜು ಮಾಡುವುದು ಆಟ ಮುಗಿದ ಮೇಲಿನ ಶಿಕ್ಷೆಯನ್ನು. ಅಮೆರಿಕ, ಕೆನಡಾ ತಂಡಗಳು ಆಡುವ ದೊಡ್ಡ ಐಸ್ ಹಾಕಿ ಲೀಗು ಎನ್‌ಎಚ್‌ಎಲ್. ಅಲ್ಲಿ ಅದಕ್ಕೆಂದೇ 2011ರಿಂದ ಆಟಗಾರರ ಸುರಕ್ಷತಾ ವಿಭಾಗ ಅಂತ ಇದೆ. 2017ರಲ್ಲಿ ಅದರ ಮುಖ್ಯಸ್ಥರಾದವರು ಜಾರ್ಜ್ ಪಾರೋಸ್. ಆಡುವ ಕಾಲದಲ್ಲಿ ಮುಷ್ಟಿ ಕಾಳಗಕ್ಕೇ ಹೆಸರಾದವರು! ನಗಬೇಡಿ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಯಾರು ಯಾವ ಪಟ್ಟು ಕದ್ದು ಹಾಕಿದರು ಅಂತ ಹಳೇ ಪೈಲ್ವಾನನಿಗೆ ಗೊತ್ತಾದಷ್ಟು ನಮಗೆ ಗೊತ್ತಾಗುತ್ತಾ?

ಸರಿ, ವಿಡಿಯೋ ಬಂತು. ಸೌಂಡ್ ಆಫ್ ಮಾಡಿ. ಕಾಮೆಂಟರಿಯವನು "ಓಹೋ!" ಅಂದ ತಕ್ಷಣ ನಮ್ಮೆದೆಯೂ ಧಸಕ್ ಅನ್ನುತ್ತದೆ, ಸುಮ್ನೆ ಎರಡು ಮ್ಯಾಚ್ ಜಾಸ್ತಿ ಹೇಳಿಬಿಡುತ್ತೇವೆ. ನಿಧಾನಗತಿಯ ರೀಪ್ಲೇಯನ್ನೂ ಮೊದಲೇ ನೋಡಬೇಡಿ. ನಿಧಾನವಾಗಿ ನೋಡಿದರೆ ಎಂಥವನೂ ಬೇಕಂತಲೇ ಹೊಡೆದ ಹಾಗೆ ಕಾಣುತ್ತಾನೆ. ಅವನಿಗೆ ಸಿಕ್ಕಿದ್ದು ಅರ್ಧ ಸೆಕೆಂಡು, ನಮಗೆ ಸಿಗುವುದು ನಾಲ್ಕು. ಎರಡು ಸಲ ಮಾಮೂಲಿ ವೇಗದಲ್ಲೇ ನೋಡಿ. ಎಲ್ಲಿ ತಾಗಿತು ಅಂತ ತಿಳಿಯಲು ಮಾತ್ರ ನಿಧಾನಗತಿ.

ನೋಡುವಾಗ ಬಿದ್ದವನನ್ನು ನೋಡಬೇಡಿ. ಇದು ಎಲ್ಲಕ್ಕಿಂತ ಕಷ್ಟ. ನನಗೆ ಈ ಬುದ್ಧಿ ಬಂದದ್ದು ಐಸ್ ಹಾಕಿಯಿಂದಲ್ಲ.

ಒಂದು ವರ್ಷ ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್. ನಾನೇ ಅಂಪೈರ್. ರೈಡರ್ ಹುಡುಗಿ ಔಟ್ ಆದಳು, ಸೀಟಿ ಊದಿದೆ. ಸೀಟಿ ಆದ ಮೇಲೆ ಕಾರ್ನರ್ ಹುಡುಗಿ ಅವಳ ಬೆನ್ನಿಗೆ ಎರಡೂ ಕೈ ಹಾಕಿ ತಳ್ಳಿದಳು. ರೈಡರ್ ಮುಖ ಅಡಿಯಾಗಿ ಬಿದ್ದಳು, ಎದ್ದಳು, ಮೂಗಿನ ಮೇಲಿನ ಮಣ್ಣು ಒರೆಸಿಕೊಂಡು ತನ್ನ ಕಡೆ ಹೋದಳು. ಎದ್ದಳಲ್ಲ, ಏನೂ ಆಗಿಲ್ಲ ಅಂತ ನಾನು ಬಿಟ್ಟುಬಿಟ್ಟೆ. ಎಚ್ಚರಿಕೆಯ ಹಸಿರು ಕಾರ್ಡೂ ತೋರಿಸಲಿಲ್ಲ. ಹತ್ತು ನಿಮಿಷ ಆಗಿರಬಹುದು. ರೈಡರ್‌ನ ಗೆಳತಿ ಆ ಕಾರ್ನರ್ ಹುಡುಗಿಯ ಜಡೆ ಹಿಡಿದು ನೆಲಕ್ಕೆ ಒಗೆದಳು. ಕೊರಳೆಲುಬು ಮುರಿದ ಸದ್ದು ನನಗೆ ಕೇಳಿಸಿತು. ಕೆಂಪು ಕಾರ್ಡ್ ತೆಗೆದೆ. ಅವಳು ಅಳುತ್ತಾ, "ಟೀಚರ್, ಮೊದಲು ಮಾಡಿದ್ದು ಅವಳು. ನೀವು ನೋಡಿದ್ರಿ" ಅಂದಳು. ನಾನು ನೋಡಿದ್ದು ನಿಜ. ಆದರೆ ನೋಡಿದ್ದು ಬಿದ್ದವಳನ್ನು, ತಳ್ಳಿದವಳನ್ನಲ್ಲ.

ಮೊಮ್ಮಗನಿಗೆ ಈ ಕಥೆ ಹೇಳಿದಾಗ ಅವನು ಸ್ಟೀವ್ ಮೂರ್ ಹೆಸರು ಹೇಳಿದ. 2004ರ ಫೆಬ್ರವರಿಯಲ್ಲಿ ಕೊಲರಾಡೋ ತಂಡದ ಮೂರ್, ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲುಂಡ್‌ಗೆ ಡಿಕ್ಕಿ ಹೊಡೆದ. ನಾಸ್ಲುಂಡ್‌ನ ತಲೆಗೆ ಪೆಟ್ಟಾಯಿತು. ಮೂರ್‌ಗೆ ಎರಡು ನಿಮಿಷವೂ ಇಲ್ಲ, ಒಂದು ಮ್ಯಾಚೂ ಇಲ್ಲ. ಮಾರ್ಚ್ 8ರಂದು ವ್ಯಾಂಕೂವರ್‌ನಲ್ಲಿ ಮತ್ತೆ ಅದೇ ತಂಡಗಳು ಎದುರಾದವು. ಟಾಡ್ ಬರ್ಟುಝಿ ಹಿಂದಿನಿಂದ ಬಂದು ಮೂರ್‌ನ ಅಂಗಿ ಹಿಡಿದೆಳೆದು, ತಲೆಗೆ ಗುದ್ದಿ, ಐಸಿನ ಮೇಲೆ ಕೆಡವಿ ಮೇಲೆ ಬಿದ್ದ. ಮೂರ್‌ನ ಕತ್ತಿನ ಮೂಳೆಗಳು ಮುರಿದವು. ಅವನು ಮತ್ತೆಂದೂ ಆಡಲಿಲ್ಲ. ಬರ್ಟುಝಿಗೆ ಆ ಸೀಸನ್ ಅಲ್ಲಿಗೇ ಮುಗಿಯಿತು, ಮೇಲೆ ಕೋರ್ಟಿನಲ್ಲಿ ತಪ್ಪೂ ಒಪ್ಪಿಕೊಳ್ಳಬೇಕಾಯಿತು. ಲೀಗ್ ಅವನನ್ನು ವಾಪಸ್ ಸೇರಿಸಿಕೊಂಡದ್ದು 2005ರ ಆಗಸ್ಟಿನಲ್ಲಿ. ಫೆಬ್ರವರಿಯ ಡಿಕ್ಕಿಗೆ ಎರಡು ಮ್ಯಾಚ್ ಕೊಟ್ಟಿದ್ದರೆ ಮಾರ್ಚ್ 8 ನಡೆಯುತ್ತಿರಲಿಲ್ಲವೇನೋ. ನನ್ನ ಹಸಿರು ಕಾರ್ಡಿನ ಹಾಗೆ.

ಹಾಗಾಗಿ ಹೊಡೆದವನನ್ನು ನೋಡಿ. ಮೊದಲು ಅವನ ಪಾದ. ತಾಗುವ ಮೊದಲೇ ಪಾದ ಐಸ್ ಬಿಟ್ಟು ಮೇಲೆದ್ದಿದೆಯಾ? ದೂರದಿಂದ ಓಡಿ ಬಂದು ನೆಗೆದಿದ್ದಾನಾ? ಅದು ಚಾರ್ಜಿಂಗ್. ತಾಗಿದ ಮೇಲೆ ಪಾದ ಎದ್ದರೆ ಅದು ಡಿಕ್ಕಿಯ ರಭಸಕ್ಕೂ ಆಗಿರಬಹುದು. ವಿಡಿಯೋವನ್ನು ಬೆರಳಲ್ಲಿ ಹಿಂದೆ ಮುಂದೆ ತಳ್ಳಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತೆ. ನಾನು ಚಾಳೀಸು ಹಾಕಿಕೊಂಡು ಇದನ್ನೇ ಮಾಡುವುದು.

ಆಮೇಲೆ ಬೆನ್ನು. ರಿಂಕ್ ಅಂದರೆ ಐಸಿನ ಅಂಗಳ, ಅದರ ಸುತ್ತ ಹಲಗೆ ಗೋಡೆ ಇರುತ್ತದೆ, ಬೋರ್ಡ್ಸ್ ಅನ್ನುತ್ತಾರೆ. ಹೊಡೆಯುವವನಿಗೆ ಎದುರಾಳಿಯ ಬೆನ್ನಿನ ನಂಬರ್ ಕಾಣುತ್ತಿದ್ದರೆ, ಅವನು ಗೋಡೆಯಿಂದ ಮೂರ್ನಾಲ್ಕು ಅಡಿ ದೂರದಲ್ಲಿದ್ದರೆ, ಅದು ಅಪಾಯದ ಜಾಗ. ಗೋಡೆಗೆ ಅಂಟಿಕೊಂಡಿದ್ದವನು ಗೋಡೆಗೆ ಒರಗುತ್ತಾನೆ. ದೂರ ಇದ್ದವನು ತಲೆ ಮುಂದಾಗಿ ಹೋಗಿ ಬಡಿಯುತ್ತಾನೆ. ಕೊನೇ ಗಳಿಗೆಯಲ್ಲಿ ಬಿದ್ದವನೇ ತಿರುಗಿ ಬೆನ್ನು ಕೊಟ್ಟನಾ ಅನ್ನೋದನ್ನೂ ನೋಡಿ. ಹಾಗಿದ್ದರೆ ಶಿಕ್ಷೆ ಇಳಿಯುತ್ತದೆ.

ತಲೆಯ ವಿಷಯಕ್ಕೆ ಬಂದರೆ 48ನೇ ನಿಯಮ. ಅದಕ್ಕೂ ಒಂದು ಕಥೆ ಇದೆ. 2010ರ ಮಾರ್ಚಿನಲ್ಲಿ ಪಿಟ್ಸ್‌ಬರ್ಗ್‌ನ ಮ್ಯಾಟ್ ಕುಕ್, ಬೋಸ್ಟನ್‌ನ ಮಾರ್ಕ್ ಸವಾರ್ಡ್‌ಗೆ ಅವನು ನೋಡದ ಕಡೆಯಿಂದ ಬಂದು ಭುಜದಲ್ಲಿ ತಲೆಗೇ ಹೊಡೆದ. ಭುಜದಿಂದ ಹೊಡೆದದ್ದು ಅಂತ ಆಗಿನ ನಿಯಮದಲ್ಲಿ ಶಿಕ್ಷೆಯೇ ಆಗಲಿಲ್ಲ. ಸವಾರ್ಡ್ ಮುಂದಿನ ಸೀಸನ್ನಿನಲ್ಲಿ ಸ್ವಲ್ಪ ದಿನ ಆಡಿ, 2011ರ ಜನವರಿಯ ನಂತರ ಐಸಿಗೆ ಇಳಿಯಲೇ ಇಲ್ಲ. ಆ ಗಲಾಟೆಯಿಂದ ಹುಟ್ಟಿದ್ದು ಈ ನಿಯಮ. ಈಗ ಕೇಳುವುದು ಎರಡು ಪ್ರಶ್ನೆ: ಮುಖ್ಯವಾಗಿ ತಾಗಿದ್ದು ತಲೆಗೇನಾ? ಅದನ್ನು ತಪ್ಪಿಸಬಹುದಿತ್ತಾ? ಎರಡಕ್ಕೂ ಹೌದು ಅಂದರೆ ಮಾತ್ರ ತಪ್ಪು. ಎದೆಗೆ ಹೊಡೆದು ಆಮೇಲೆ ತಲೆಗೂ ಸವರಿಕೊಂಡು ಹೋದರೆ ಬೇರೆ ಲೆಕ್ಕ. ಬೀದಿ ಹುಡುಗರು ಜಾಸ್ತಿ ಸೋಲುವುದು ಇಲ್ಲೇ. ಹೆಲ್ಮೆಟ್ ಹಾರಿತು ಅಂದರೆ ಸಾಕು, "ಹತ್ತು ಮ್ಯಾಚ್!" ಅಂತ ಕೂಗುತ್ತಾರೆ.

ಮೊಣಕೈ ಎತ್ತಿದ್ದು, ಪಕ್ ಕೈಬಿಟ್ಟು ಹೊತ್ತಾದ ಮೇಲೆ ಹೊಡೆದದ್ದು, ಸ್ಟಿಕ್ ಅಡ್ಡ ಹಿಡಿದು ತಳ್ಳಿದ್ದು, ಇವೆಲ್ಲ ಕಣ್ಣಿಗೆ ಸುಲಭವಾಗಿ ಕಾಣುತ್ತವೆ. ವಿವರಿಸಲ್ಲ.

ಇಲ್ಲಿಗೆ ತಪ್ಪೋ ಅಲ್ಲವೋ ತೀರ್ಮಾನ ಆಯಿತು. ಎಷ್ಟು ಅನ್ನೋದಕ್ಕೆ ಜಾತಕ ನೋಡಬೇಕು, ಅಂದರೆ ಅವನಿಗೆ ಹಿಂದೆ ಆದ ಶಿಕ್ಷೆಗಳನ್ನು. ನ್ಯೂಯಾರ್ಕ್‌ನ ಮ್ಯಾಟ್ ರೆಂಪೆ, ಆರೂವರೆ ಅಡಿ ಮೀರಿದ ಆಳು, 2024ರ ಮಾರ್ಚಿನಲ್ಲಿ ಮೊಣಕೈ ಹೊಡೆತಕ್ಕೆ 4 ಮ್ಯಾಚ್ ಕೂತ. ಅದೇ ಡಿಸೆಂಬರಿನಲ್ಲಿ ಮತ್ತೆ ಮೊಣಕೈ, ಜೊತೆಗೆ ಗೋಡೆಗೆ ಬಡಿದದ್ದು. ಈ ಸಲ 8. ರಾಫಿ ಟೊರೆಸ್‌ದು ಇನ್ನೂ ದೊಡ್ಡದು. 2012ರಲ್ಲಿ 25 ಕೊಟ್ಟು 21ಕ್ಕೆ ಇಳಿಸಿದ್ದರು. 2015ರ ಅಕ್ಟೋಬರಿನಲ್ಲಿ, ಸೀಸನ್ ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯದಲ್ಲೇ, ಸಿಲ್ಫ್ವರ್‌ಬರ್ಗ್‌ನ ತಲೆಗೆ ಹೊಡೆದ. ಕೊಟ್ಟದ್ದು 41. ಆಗಿನ ಸೀಸನ್ನಿನ 82 ಮ್ಯಾಚಿನಲ್ಲಿ ಸರಿಯಾಗಿ ಅರ್ಧ! ಎನ್‌ಎಚ್‌ಎಲ್‌ನಲ್ಲಿ ಅವನು ಮತ್ತೆ ಆಡಲೇ ಇಲ್ಲ.

ಸಂಬಳದ ಲೆಕ್ಕದಲ್ಲೂ ಜಾತಕ ಇದೆ. ಮೊದಲ ಸಲದವನಿಗೆ ಸೀಸನ್ನಿನ ದಿನಗಳ ಲೆಕ್ಕದಲ್ಲಿ ಕಟ್ ಮಾಡುತ್ತಾರೆ. 18 ತಿಂಗಳೊಳಗೆ ಮತ್ತೆ ಸಿಕ್ಕಿಬಿದ್ದವನಿಗೆ ಸೀಸನ್ನಿನ ಮ್ಯಾಚುಗಳ ಲೆಕ್ಕದಲ್ಲಿ. ಸೀಸನ್ನಿನ ದಿನಗಳು ಮ್ಯಾಚುಗಳ ಎರಡರಷ್ಟಕ್ಕಿಂತ ಜಾಸ್ತಿ, ಅಂದರೆ ಹಳೇ ಗಿರಾಕಿಗೆ ಪೆಟ್ಟು ದುಪ್ಪಟ್ಟು. ಆ ದುಡ್ಡು ಕಷ್ಟದಲ್ಲಿರುವ ಆಟಗಾರರ ನಿಧಿಗೆ ಹೋಗುತ್ತದೆ. ಇದು ನನಗೆ ಹಿಡಿಸಿತು.

ಈಗ ಬಿದ್ದವನ ಕಡೆ ನೋಡಬಹುದು. ಗಾಯ ಆಗಿದ್ದರೆ ವಿಭಾಗದವರು ಶಿಕ್ಷೆ ಏರಿಸುತ್ತಾರೆ, ನಿಯಮವೇ ಹಾಗಿದೆ. ನನ್ನ ಮನಸ್ಸು ಒಪ್ಪಲ್ಲ. ತಳ್ಳಿದ್ದು ಅದೇ ತಳ್ಳು, ಎಲುಬು ಮುರಿದರೆ ಐದು, ಮಣ್ಣು ಒರೆಸಿಕೊಂಡರೆ ಎರಡು ಅಂದರೆ ಹೇಗೆ? ಆದರೆ ಪಾಯಿಂಟ್ ಬೇಕಾದರೆ ಅವರ ತಲೆಯಿಂದ ಯೋಚಿಸಬೇಕಲ್ಲ. ಸ್ಟ್ರೆಚರ್ ಬಂದರೆ ಒಂದೋ ಎರಡೋ ಸೇರಿಸುತ್ತೇನೆ.

ಇನ್ನೊಂದು ಸುಳಿವು, ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಶಿಕ್ಷೆಗೆ ಮುಂಚೆ ವಿಚಾರಣೆಯ ಸುದ್ದಿ ಬರುತ್ತದೆ. ಫೋನಿನಲ್ಲಿ ವಿಚಾರಣೆ ಅಂದರೆ 5 ದಾಟುವ ಹಾಗಿಲ್ಲ. ಎದುರಾ ಎದುರು ಕರೆದರೆ 6 ಅಥವಾ ಅದಕ್ಕಿಂತ ಜಾಸ್ತಿ ಹಾಕುವ ಅಧಿಕಾರ ಅವರಿಗಿದೆ. ಅಧಿಕಾರ ಇದೆ ಅಂತ ಹಾಕಿಯೇ ಹಾಕುತ್ತಾರೆ ಅಂತಲ್ಲ. 2024ರ ಫೆಬ್ರವರಿಯಲ್ಲಿ ಒಟ್ಟಾವಾದ ಹುಡುಗ ರಿಡ್ಲಿ ಗ್ರೆಗ್, ಗೋಲ್‌ಕೀಪರ್ ಇಲ್ಲದ ಖಾಲಿ ಗೋಲ್ ಬಲೆಗೆ ಮೆಲ್ಲಗೆ ತಳ್ಳುವ ಬದಲು ಪೂರ್ತಿ ಬಲ ಹಾಕಿ ಪಕ್ ಬಾರಿಸಿದ. ಟೊರಾಂಟೋದ ಮಾರ್ಗನ್ ರೈಲಿಗೆ ಅದು ಅವಮಾನ ಅನ್ನಿಸಿ, ಸ್ಟಿಕ್ ಅಡ್ಡ ಹಿಡಿದು ಅವನ ಮುಖಕ್ಕೇ ಹಾಕಿದ. ಎದುರು ಕರೆದರು. ಮೊಮ್ಮಗ 7 ಅಂದ. ಆದರೆ ರೈಲಿ ಹತ್ತು ವರ್ಷದ ಆಟದಲ್ಲಿ ಒಂದು ಶಿಕ್ಷೆಯೂ ಆಗದವನು. ನಾನು 5 ಅಂದೆ. ಬಂದದ್ದು 5.

ಶಿಕ್ಷೆ ಬಂದ ಮೇಲೂ ಪಾಯಿಂಟ್ ಬರೆದಿಡಬೇಡಿ, ಮೇಲ್ಮನವಿ ಇರುತ್ತದೆ. ಮೊದಲು ಲೀಗ್ ಕಮಿಷನರ್ ಹತ್ತಿರ, 6 ಅಥವಾ ಜಾಸ್ತಿ ಇದ್ದರೆ ಆಮೇಲೆ ಹೊರಗಿನ ಪಂಚರ ಹತ್ತಿರ. 2018ರಲ್ಲಿ ವಾಷಿಂಗ್ಟನ್‌ನ ಟಾಮ್ ವಿಲ್ಸನ್‌ಗೆ 20 ಕೊಟ್ಟಿದ್ದರು. ಕಮಿಷನರ್ ಬದಲಾಯಿಸಲಿಲ್ಲ. ಪಂಚರು 14ಕ್ಕೆ ಇಳಿಸಿದರು. ಅಷ್ಟರಲ್ಲಿ ಪಾಪ ಅವನು 16 ಕೂತು ಮುಗಿಸಿದ್ದ! ಆ ಪಂಚರ ಹೆಸರು ಶ್ಯಾಮ್ ದಾಸ್. ಹೆಸರು ಕೇಳಿ ನಾನು ಬಿಟ್ಟ ಕಣ್ಣು ಬಿಟ್ಟಂತೆ ಕೂತೆ. ಅಮೆರಿಕದಲ್ಲಿ ದೊಡ್ಡ ಮಧ್ಯಸ್ಥಗಾರರಂತೆ.

ಹೋದ ವಾರ ಮತ್ತೊಂದು ವಿಡಿಯೋ ಬಂತು. ಗ್ಯಾಲರಿ ಖಾಲಿ, ಕ್ಯಾಮರಾ ಅಲ್ಲಾಡುತ್ತಿತ್ತು. ಹುಡುಗರ ಆಟ. ಸೌಂಡ್ ಆಫ್ ಮಾಡಿ ಎರಡು ಸಲ ನೋಡಿದೆ. ಪಾದ ನೆಲದಲ್ಲೇ ಇದೆ. ಬೆನ್ನಲ್ಲ, ಪಕ್ಕ. ಮೂರನೇ ಸಲ ನಿಧಾನವಾಗಿ ನೋಡಿದೆ. ಮೊಣಕೈ ಎದ್ದಿದೆ. ನಾಲ್ಕನೇ ಸಲ ಹೊಡೆದವನ ಬೆನ್ನಿನ ನಂಬರ್ ನೋಡಿದೆ. 17. ಅವನ ಹುಟ್ಟುಹಬ್ಬಕ್ಕೆ ಆ ಜೆರ್ಸಿಗೆ ದುಡ್ಡು ಕಳಿಸಿದ್ದು ನಾನೇ.

"ಮೊಣಕೈ ಎತ್ತಿದ್ದೀಯ. ಎರಡು" ಅಂತ ಬರೆದೆ.

ಸ್ವಲ್ಪ ಹೊತ್ತು ಉತ್ತರ ಇಲ್ಲ. ಒಗ್ಗರಣೆ ಸೀದು ಹೋಯಿತು. ಆಮೇಲೆ ಬಂತು: "ಕೋಚ್ ಒಂದೇ ಅಂದ್ರು ಅಜ್ಜಿ."

"ಕೋಚ್‌ಗೆ ಕೋಚ್ ಲೆಕ್ಕ, ನನಗೆ ನನ್ನ ಲೆಕ್ಕ. ಆ ಹುಡುಗನಿಗೆ ಫೋನ್ ಮಾಡಿದೆಯಾ?"

"ಮಾಡ್ತೀನಿ."

"ಈಗ ಮಾಡು. ಆಮೇಲೆ ಪಾಯಿಂಟ್ ಮಾತಾಡೋಣ."