ಕಡಸು ನೋಡುವ ಮೊದಲು ತಾಯಿಯನ್ನು ನೋಡು

ಹಾಲು ಬಿಡಿಸಿದ ಹೆಣ್ಣುಕರುಗಳನ್ನು ಒಂದೆಡೆ ಕೂಡಿಹಾಕಿದರೆ ಕಣ್ಣು ತಾನಾಗಿ ಎತ್ತರದ, ಮೈದುಂಬಿದ, ರೋಮ ಮಿರಮಿರ ಮಿಂಚುವ ಕರುವಿನ ಮೇಲೆ ಹೋಗಿ ನಿಲ್ಲುತ್ತದೆ. ನೋಡಲು ಬಂದವರೂ ಅದನ್ನೇ ತೋರಿಸಿ "ಇದನ್ನು ಮಾತ್ರ ಮಾರಬೇಡಿ" ಎನ್ನುತ್ತಾರೆ. ಆ ಕರು ಎಷ್ಟೋ ಸಲ ನನ್ನ ಮಾರುವ ಪಟ್ಟಿಯಲ್ಲೇ ಇರುತ್ತದೆ. ಮಾಂಸಕ್ಕಾಗಿ ಕರು ಬೆಳೆಸುವ ಹಿಂಡಿನಲ್ಲಿ ಮುದಿಯಾದ, ಗೊಡ್ಡಾದ ಹಸುಗಳ ಜಾಗಕ್ಕೆ ಯಾವ ಕಡಸು ಬರಬೇಕು ಎಂಬುದನ್ನು ನಾನು ಕೊಟ್ಟಿಗೆಯ ಮುಂದೆ ನಿಂತು ತೀರ್ಮಾನಿಸುವುದಿಲ್ಲ. ಮೊದಲು ಹಿಂಡಿನ ದಾಖಲೆ ಪುಸ್ತಕ ಬಿಚ್ಚುತ್ತೇನೆ.

ಹಾಲಿನ ಹಸು ಸಾಕಿದವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಹಸು ದಿನಕ್ಕೆರಡು ಹೊತ್ತು ಪಾತ್ರೆ ತುಂಬಿಸಿ ತನ್ನ ಯೋಗ್ಯತೆ ತೋರಿಸುತ್ತದೆ. ಇಲ್ಲಿ ಕರೆಯುವ ಮಾತೇ ಇಲ್ಲ, ತಾಯಿಯ ಹಾಲೆಲ್ಲ ಕರುವಿಗೆ. ವರ್ಷವಿಡೀ ತಿಂದ ಮೇವಿಗೆ ಹಸು ಒಪ್ಪಿಸುವ ಲೆಕ್ಕ ಒಂದೇ: ಬದುಕಿ ಬೆಳೆದ ಒಂದು ಕರು. ಗಬ್ಬದ ಅವಧಿ ಸುಮಾರು 283 ದಿನ. ವರ್ಷದ 365ರಲ್ಲಿ ಅದನ್ನು ಕಳೆದರೆ ಉಳಿಯುವುದು 82. ಅಷ್ಟರೊಳಗೆ ಗರ್ಭಕೋಶ ಮೊದಲಿನಂತಾಗಬೇಕು, ಕರುವಿಗೆ ಹಾಲೂಡಿಸುತ್ತಲೇ ಹಸು ಬೆದೆಗೆ ಬರಬೇಕು, ಗಬ್ಬ ನಿಲ್ಲಬೇಕು. ತಡಮಾಡುವ ಹಸು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಾ ಒಂದು ವರ್ಷ ಬರಿದಾಗಿ ನಿಂತುಬಿಡುತ್ತದೆ.

ಆದ್ದರಿಂದ ನನ್ನ ಮೊದಲ ಜರಡಿ ಹುಟ್ಟಿದ ದಿನಾಂಕ. ಬೆದೆಯ ಚಕ್ರ 21 ದಿನದ್ದು. ಹಿಂಡು ಈಯಲು ಶುರುವಾದ ಮೊದಲ 21 ದಿನಗಳಲ್ಲಿ ಹುಟ್ಟಿದ ಕರುವೆಂದರೆ, ಹೋರಿಯನ್ನು ಹಿಂಡಿಗೆ ಬಿಟ್ಟ ಕೂಡಲೇ ಗಬ್ಬ ನಿಂತ ತಾಯಿಯ ಕರು. ಗಬ್ಬ ಕಟ್ಟುವ ಗುಣ ತಾಯಿಯಿಂದ ಮಗಳಿಗೆ ರಕ್ತದಲ್ಲಿ ಇಳಿಯುವುದು ಬಹಳ ಕಡಿಮೆ ಎಂಬುದು ನಿಜ. ಬೆಳವಣಿಗೆಯ ಗುಣ ಇಳಿದಷ್ಟು ಅದು ಇಳಿಯುವುದಿಲ್ಲ. ಆದರೂ ಈ ಜರಡಿಯನ್ನು ಬಿಡದಿರಲು ಇನ್ನೊಂದು ಕಾರಣವಿದೆ. ಮುಂಚೆ ಹುಟ್ಟಿದ ಕಡಸು ಹೋರಿ ಬಿಡುವ ಹೊತ್ತಿಗೆ ವಯಸ್ಸಿನಲ್ಲಿ ಮುಂದಿರುತ್ತದೆ, ಒಂದೆರಡು ಬೆದೆಗಳನ್ನು ಆಗಲೇ ಕಂಡಿರುತ್ತದೆ. ಜೀವನದ ಮೊದಲ ಬೆದೆಗಿಂತ ಮೂರನೆಯದರಲ್ಲಿ ಗಬ್ಬ ನಿಲ್ಲುವ ಸಾಧ್ಯತೆ ಹೆಚ್ಚು. ತಡವಾಗಿ ಹುಟ್ಟಿದ್ದು ಎಷ್ಟೇ ಚೆಂದವಿದ್ದರೂ ಈ ಓಟದಲ್ಲಿ ಹಿಂದೆಯೇ ಉಳಿಯುತ್ತದೆ.

ಆಮೇಲೆ ತಾಯಿಯ ಪುಟ. ಈಯುವಾಗ ಕರುವನ್ನು ಎಳೆಯಬೇಕಾಯಿತೇ, ಗರ್ಭಕೋಶ ಹೊರಬಂದಿತ್ತೇ, ಕರುವನ್ನು ಹತ್ತಿರ ಸೇರಿಸದೆ ಒದ್ದಿತ್ತೇ, ಗೊರಸು ಪದೇ ಪದೇ ಕತ್ತರಿಸಬೇಕಾಗುತ್ತದೆಯೇ? ಇವುಗಳಲ್ಲಿ ಯಾವುದಾದರೂ ಇದ್ದರೆ ಮಗಳ ಹೆಸರಿಗೆ ಅಡ್ಡಗೀಟು. ನಾನು ಅತಿ ಹೆಚ್ಚು ಬರೆದಿಟ್ಟಿರುವುದು ಕೆಚ್ಚಲಿನ ಬಗ್ಗೆ. ಕಡಸಿನಲ್ಲಿ ಕೆಚ್ಚಲು ಇನ್ನೂ ಬೆಳೆದಿರುವುದಿಲ್ಲ, ಅಲ್ಲಿ ನೋಡುವುದಕ್ಕೆ ಏನೂ ಸಿಗುವುದಿಲ್ಲ. ತಾಯಿಯ ಕೆಚ್ಚಲನ್ನು ಅದು ಈದ ದಿನವೇ ನೋಡಬೇಕು. ಕರು ನಡುಗುವ ಕಾಲ ಮೇಲೆ ಎದ್ದು, ತಾಯಿಯ ಮುಂಗಾಲಿನ ಸಂದಿಯಲ್ಲಿ ತಡಕಾಡಿ, ಪಕ್ಕೆಯುದ್ದಕ್ಕೂ ಮೂತಿ ಉಜ್ಜುತ್ತಾ ಹಿಂದಕ್ಕೆ ಬರುತ್ತದೆ. ಎಳೆಗರು ಮೊಲೆಯನ್ನು ಮೇಲೆಯೇ ಹುಡುಕುತ್ತದೆ. ಕೆಚ್ಚಲು ಮಂಡಿಗಿಂತ ಕೆಳಗೆ ಜೋತುಬಿದ್ದಿದ್ದರೆ ಮೊಲೆ ಅದಕ್ಕೆ ಸಿಗುವುದೇ ಇಲ್ಲ. ಸಿಕ್ಕರೂ ತೊಟ್ಟು ಹೆಬ್ಬೆರಳಿಗಿಂತ ದಪ್ಪಗೆ ಊದಿಕೊಂಡಿದ್ದರೆ ಬಾಯಿಯಲ್ಲಿ ಹಿಡಿಯಲಾರದು, ನೆಕ್ಕಿ ಬಿಟ್ಟುಬಿಡುತ್ತದೆ. ಗಿಣ್ಣುಹಾಲು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಸೇರದಿದ್ದರೆ ಅದರಲ್ಲಿರುವ ರೋಗನಿರೋಧಕ ಅಂಶವನ್ನು ಕರುಳು ಹೀರಿಕೊಳ್ಳುವುದು ಕಡಿಮೆಯಾಗುತ್ತಾ ಹೋಗಿ, ಒಂದು ದಿನದೊಳಗೆ ಪೂರ್ತಿ ನಿಂತುಹೋಗುತ್ತದೆ. ಅಂಥ ತಾಯಿಯ ಮಗಳನ್ನು ಉಳಿಸಿಕೊಂಡರೆ ನಾಳೆ ನಡುರಾತ್ರಿ ಎದ್ದು ಕರುವಿಗೆ ಬಾಟಲಿ ಹಿಡಿಯುವವನು ನಾನೇ.

ರೋಗದ ವಿಷಯದಲ್ಲಿ ನನಗೆ ದಾಕ್ಷಿಣ್ಯವಿಲ್ಲ. ಜೋನೀಸ್ ರೋಗ, ಅಂದರೆ ಭೇದಿಯಾಗಿ ಮೈ ಸೊರಗಿಸುವ ಕರುಳಿನ ಸೋಂಕು, ಸಾಮಾನ್ಯವಾಗಿ ಕರು ತೀರಾ ಎಳೆಯದಿದ್ದಾಗ ತಾಯಿಯ ಸಗಣಿಯಿಂದಲೋ ಹಾಲಿನಿಂದಲೋ ಅಂಟುತ್ತದೆ, ಲಕ್ಷಣ ತೋರುವುದು ವರ್ಷಗಳ ಮೇಲೆ. ಮಗಳು ಗುಂಡಗೆ ಕಾಣುತ್ತಿದ್ದಾಳೆ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ತಾಯಿಯ ಪರೀಕ್ಷೆಯಲ್ಲಿ ರೋಗ ಕಂಡುಬಂದರೆ ಮಗಳು ಹಿಂಡಿನಲ್ಲಿ ಉಳಿಯುವುದಿಲ್ಲ. ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರುವಿಗೂ ಅದೇ ಗತಿ. ಗರ್ಭದಲ್ಲೇ ಎರಡರ ರಕ್ತ ಬೆರೆತು ಹೆಣ್ಣಿನ ಜನನಾಂಗ ಸರಿಯಾಗಿ ಬೆಳೆಯುವುದಿಲ್ಲ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಗೊಡ್ಡೇ.

ತಾಯಿಯಂತೆ ಮಗಳು ಎನ್ನುತ್ತಾರೆ, ಆದರೆ ಅರ್ಧ ರಕ್ತ ಅಪ್ಪನದು. ಅಪ್ಪನ ವೃಷಣದ ಸುತ್ತಳತೆ ಚೆನ್ನಾಗಿದ್ದರೆ ಹೆಣ್ಣುಮಕ್ಕಳು ಬೇಗ ಬೆದೆಗೆ ಬರುತ್ತವೆ ಎಂಬುದು ಹೋರಿ ಕೊಳ್ಳುವಾಗಲೇ ನೆನಪಿರಬೇಕಾದ ಮಾತು. ಇನ್ನೊಂದು ಇಕ್ಕಟ್ಟು ಇದೆ. ಇಂದು ಹಿಂಡಿಗೆ ಬಿಟ್ಟ ಹೋರಿಯ ಮೊದಲ ಹೆಣ್ಣುಮಕ್ಕಳು ಎರಡು ವರ್ಷಕ್ಕೆಲ್ಲ ಹೋರಿಗೆ ಸಿದ್ಧವಾಗುತ್ತವೆ, ಆಗಲೂ ಅಪ್ಪ ಅಲ್ಲೇ ಇದ್ದರೆ ಮಗಳಿಗೇ ಹತ್ತುತ್ತಾನೆ. ಸ್ವಂತ ಕಡಸುಗಳನ್ನು ಉಳಿಸಿಕೊಳ್ಳುವವರು ಎರಡು ಹಂಗಾಮಿಗೊಮ್ಮೆ ಹೋರಿ ಬದಲಿಸಬೇಕು, ಇಲ್ಲವೇ ಕಡಸುಗಳಿಗೆ ಬೇರೆಯೇ ಹೊಲ, ಬೇರೆಯೇ ಹೋರಿ ಇರಬೇಕು. ನಾನು ಎರಡನೆಯದನ್ನು ಮಾಡುತ್ತೇನೆ.

ಈಗ ಆ ಮೈದುಂಬಿದ ಕರುವಿನ ವಿಚಾರ. ಪ್ರತಿವರ್ಷ ಅತಿ ಹೆಚ್ಚು ತೂಗುವುದನ್ನೇ ಉಳಿಸುತ್ತಾ ಹೋದರೆ ಹಿಂಡಿನ ಹಸುಗಳೇ ದೊಡ್ಡದಾಗುತ್ತಾ ಹೋಗುತ್ತವೆ. 550 ಕಿಲೋ ಹಸುವಿನ ಜಾಗಕ್ಕೆ 650 ಕಿಲೋ ಹಸು ಬಂದರೆ ಬರೀ ಮೈ ಕಾಯ್ದುಕೊಳ್ಳುವುದಕ್ಕೇ ಸುಮಾರು ಶೇ 13ರಷ್ಟು ಹೆಚ್ಚು ಆಹಾರ ಬೇಕು. ಅವಳ ಕರು ಅಷ್ಟು ಹೆಚ್ಚು ತೂಗಿದರೆ ಸರಿ, ಇಲ್ಲದಿದ್ದರೆ ಹುಲ್ಲು ಹಾಳು. ಹಾಗಾಗಿ ತೂಕದ ಸಾಲಿನಲ್ಲಿ ತುದಿಯ ಕೆಲವನ್ನೂ ಬುಡದ ಕೆಲವನ್ನೂ ತೆಗೆದು ನಡುವಿನಿಂದ ಆರಿಸುತ್ತೇನೆ. ಹೋಲಿಸುವಾಗ ಎಲ್ಲ ಕರುಗಳ ತೂಕವನ್ನು 205 ದಿನದ ವಯಸ್ಸಿಗೆ ಸರಿಹೊಂದಿಸಿ, ತಾಯಿಯ ವಯಸ್ಸಿಗೂ ವಿನಾಯಿತಿ ಕೊಟ್ಟು ನೋಡಬೇಕು. ಚೊಚ್ಚಲ ಹಸುವಿಗೆ ಹಾಲು ಕಡಿಮೆ, ಅದರ ಕರು ಸಣ್ಣದಾಗಿದ್ದರೆ ತಪ್ಪು ಕರುವಿನದಲ್ಲ.

ಪುಸ್ತಕದ ಕೆಲಸ ಮುಗಿದ ಮೇಲೆಯೇ ಕಣ್ಣಿಗೆ ಕೆಲಸ. ಗಟ್ಟಿ ನೆಲದ ಮೇಲೆ ನಡೆಸಿ ಪಕ್ಕದಿಂದ ನೋಡುತ್ತೇನೆ. ಮುಂಗಾಲು ಎತ್ತಿದ ಜಾಗಕ್ಕೇ ಹಿಂಗಾಲು ಬೀಳಬೇಕು. ಹಿಂಗಾಲು ಕಂಬದ ಹಾಗೆ ನೆಟ್ಟಗಿದ್ದರೂ ಬೇಡ, ಕುಡುಗೋಲಿನಂತೆ ಬಾಗಿದ್ದರೂ ಬೇಡ. ಗೊರಸಿನ ಎರಡು ಹೋಳು ಒಂದೇ ಅಳತೆಯವಿರಬೇಕು. ನಂತರ ಒಂದೊಂದನ್ನೇ ಟ್ರೆವಿಸ್‌ಗೆ, ಅಂದರೆ ದನವನ್ನು ಅಲುಗಾಡದಂತೆ ನಿಲ್ಲಿಸುವ ಕಂಬಿಗಳ ಚೌಕಟ್ಟಿಗೆ, ಹಾಕಿ ಬಿಡಿಸುತ್ತೇನೆ. ಕೆಲವು ತಲೆ ಹೊರಳಿಸಿ ನೋಡಿ ನಡೆದುಹೋಗುತ್ತವೆ, ಕೆಲವು ಕಂಬಿ ಗುದ್ದಿಕೊಂಡು ಬಾಗಿಲು ತೆರೆಯುವ ಮೊದಲೇ ನುಗ್ಗುತ್ತವೆ. ನುಗ್ಗುವ ಸ್ವಭಾವ ಸಂತಾನಕ್ಕೂ ಸಾಕಷ್ಟು ಇಳಿಯುತ್ತದೆ. ಮನುಷ್ಯರನ್ನು ಹಾಯಲು ಬರುವ ಹಸು ಎಷ್ಟು ಒಳ್ಳೆಯ ಕರು ಕೊಟ್ಟರೂ ನನಗೆ ಬೇಡ. ನನ್ನ ಪಕ್ಕೆಲುಬುಗಳಿಗೆ ಬೆಲೆ ಹೆಚ್ಚು.

ಇಷ್ಟಾದರೂ ಬೇಕಾದುದಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ಕಡಸುಗಳನ್ನೇ ಉಳಿಸಿಕೊಳ್ಳುತ್ತೇನೆ, ಮುಂದಿನ ಆಯ್ಕೆಯನ್ನು ಅವುಗಳಿಗೇ ಬಿಡಬೇಕು ಎಂದು. ಹದಿನಾಲ್ಕು ಹದಿನೈದು ತಿಂಗಳಿಗೆ ಹೋರಿ ಬಿಡುವಾಗ ಕಡಸು ತನ್ನ ಹಿಂಡಿನ ಬೆಳೆದ ಹಸುವಿನ ತೂಕದ ಶೇ 60ರಿಂದ 65ರಷ್ಟಿರಬೇಕು. 550 ಕಿಲೋ ಹಸುಗಳ ಹಿಂಡಿನಲ್ಲಿ ಅದು 330ರಿಂದ 360 ಕಿಲೋ. ಏಳು ತಿಂಗಳಿಗೆ 220 ಕಿಲೋ ಇದ್ದ ಕರು ದಿನಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು ಏರಿದರೆ ಸಾಕು. ಹಿಂಡಿ ಸುರಿದು ಕೊಬ್ಬಿಸಿದರೆ ಕೆಚ್ಚಲಿನಲ್ಲಿ ಹಾಲಿನ ಗ್ರಂಥಿ ಬೆಳೆಯಬೇಕಾದ ಜಾಗದಲ್ಲಿ ಕೊಬ್ಬು ಕೂರುತ್ತದೆ. ಹೋರಿ ಬಿಡುವ ಮೊದಲು ಪಶುವೈದ್ಯರಿಂದ ಗರ್ಭಕೋಶ, ಅಂಡಾಶಯ ಪರೀಕ್ಷೆ ಮಾಡಿಸಿ, ಕರು ಹೊರಬರುವ ಎಲುಬಿನ ದಾರಿಯ ಅಗಲ ಎತ್ತರ ಅಳೆಸುತ್ತೇನೆ. ದಾರಿ ತೀರಾ ಕಿರಿದಾದದ್ದನ್ನು ಬಿಡುವುದಕ್ಕೆ ಮಾತ್ರ ಆ ಅಳತೆ. ಅಗಲವಾದದ್ದನ್ನೇ ಆರಿಸಹೊರಟರೆ ಹಸುವೂ ದೊಡ್ಡದಾಗುತ್ತದೆ, ಕರುವೂ ದೊಡ್ಡದಾಗುತ್ತದೆ, ಕಷ್ಟ ಇದ್ದಲ್ಲೇ ಇರುತ್ತದೆ.

ಹೋರಿ ಸಣ್ಣ ಕರು ಹುಟ್ಟಿಸುವ ವಂಶದ್ದು. ಕಡಸುಗಳ ಜೊತೆ ಅದು ಇರುವುದು ಎರಡು ಬೆದೆಯ ಚಕ್ರದಷ್ಟು, ಅಂದರೆ 42 ದಿನ. ಹಿಂಡಿನ ಉಳಿದ ಹಸುಗಳಿಗಿಂತ ಮೂರು ವಾರ ಮುಂಚಿತವಾಗಿ ಬಿಡುತ್ತೇನೆ. ಹೋರಿ ತೆಗೆದು ಐದಾರು ವಾರದ ಮೇಲೆ ಸ್ಕ್ಯಾನ್. ಬರಿದಾಗಿದ್ದರೆ ಹಿಂಡಿನಿಂದ ಹೊರಗೆ. ಇನ್ನೊಂದು ಅವಕಾಶ ಕೊಡೋಣ ಎಂದು ಆಳುಗಳು ಗೋಗರೆಯುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಚೆಂದದ ಕಡಸಿಗಾಗಿಯೇ. ಚೆಂದವಿದ್ದರೆ ಮಾಂಸದ ಮಾರುಕಟ್ಟೆಯಲ್ಲೂ ಚೆಂದವೇ. ಆ ವಯಸ್ಸಿನಲ್ಲಿ ಅದಕ್ಕೆ ಒಳ್ಳೆಯ ಬೆಲೆಯೇ ಸಿಗುತ್ತದೆ.

ಮೂರು ವಾರ ಮುಂಚೆ ಏಕೆಂದರೆ, ಚೊಚ್ಚಲು ಈದ ಮೇಲೆ ಎರಡನೇ ಗಬ್ಬ ನಿಲ್ಲುವುದೇ ಕಷ್ಟ; ಮುಂಚೆ ಈದರೆ ಮುಂದಿನ ಹೋರಿ ಬಿಡುವ ಹೊತ್ತಿಗೆ ಚೇತರಿಸಿಕೊಳ್ಳಲು ಅದಕ್ಕೆ ಅಷ್ಟು ಹೆಚ್ಚು ಸಮಯ ಸಿಗುತ್ತದೆ. ಆಗ ಅದು ಇನ್ನೂ ಬೆಳೆಯುತ್ತಿರುತ್ತದೆ, ಹಲ್ಲು ಬದಲಾಗುತ್ತಿರುತ್ತದೆ, ಮೊದಲ ಬಾರಿಗೆ ಹಾಲೂಡಿಸುತ್ತಿರುತ್ತದೆ. ಬೆಳೆದ ಹಸುಗಳ ಜೊತೆ ಬಿಟ್ಟರೆ ಗೋದಲಿಯ ಬಳಿ ಅವು ಇದನ್ನು ತಳ್ಳಿಬಿಡುತ್ತವೆ. ಚೊಚ್ಚಲ ಹಸುಗಳಿಗೆ ಬೇರೆ ಗುಂಪು ಮಾಡಿ ಒಳ್ಳೆಯ ಮೇವು ಹಾಕುತ್ತೇನೆ, ಮೈ ಇಳಿಯುತ್ತಿದ್ದರೆ ಕರುವಿನ ಹಾಲನ್ನು ಬೇಗ ಬಿಡಿಸುತ್ತೇನೆ. ಇಷ್ಟು ಅನುಕೂಲ ಮಾಡಿಕೊಟ್ಟ ಮೇಲೂ ಎರಡನೇ ಗಬ್ಬ ನಿಲ್ಲದಿದ್ದರೆ ಅದೂ ಮಾರಾಟಕ್ಕೆ. ಅದರ ಮೊದಲ ಸೂಲಿನ ಹೆಣ್ಣುಕರುವನ್ನು ಆ ಸ್ಕ್ಯಾನ್ ಫಲಿತಾಂಶ ಕೈಗೆ ಬರುವವರೆಗೆ ಮುಂದಿನ ಆಯ್ಕೆಯ ಪಟ್ಟಿಗೆ ಸೇರಿಸುವುದಿಲ್ಲ.